ಆಗೋಯ್ತು

ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ 'ಆಗೋಯ್ತು' ಅನ್ನದೆ ಯಾರಿಗೂ ದಿನ ಕಳೆಯುವುದಿಲ್ಲ. ಹೊತ್ತಾಗೋಯ್ತು, ಬಸ್ಸು ಹೊರಟಿತು. ಮಗಳ ಮದುವೆ ಆಗೋಯ್ತು, ಇನ್ನು ನೆಮ್ಮದಿ. ಕಡ್ಲೆಕಾಯಿ ಹೂಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ, 'ಈ ವರ್ಷದ್ದು ಆಗೋಯ್ತು ಬಿಡಪ್ಪ'. ಸಾವಿನ ಮನೆಯ ಜಗಲಿಯ ಮೇಲೆ ಕೂತವರಿಗೂ ಇದಕ್ಕಿಂತ ಒಳ್ಳೆಯ ಮಾತು ಸಿಗದು: 'ಆಗಬಾರದ್ದು ಆಗೋಯ್ತು.' ಮಳೆಯನ್ನು, ಸಾವನ್ನು ಯಾರ ತಲೆಗೆ ಕಟ್ಟುವುದು? ಕರ್ತೃವೇ ಇಲ್ಲದ ಸಂಗತಿಗೆ ಕರ್ತೃ ಇಲ್ಲದ ಕ್ರಿಯಾಪದ. ಸರಿಯಾಗಿಯೇ ಇದೆ.

ಕನ್ನಡದ ಸ್ವಭಾವವೇ ಹಾಗೆ. ನಮಗೆ ನಿದ್ದೆ ಬರುತ್ತದೆ, ನಗು ಬರುತ್ತದೆ, ಸಿಟ್ಟೂ ಬರುತ್ತದೆ. ನಾವು ಯಾವುದನ್ನೂ ಕರೆದವರಲ್ಲ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಹೊರುವವರ ಬಾಯಲ್ಲೂ ಅದೇ 'ಆಗು' ಧಾತು: ಮದುವೆ ಆಗಲಿ, ಮಕ್ಕಳಾಗಲಿ, ಒಳ್ಳೇದಾಗಲಿ.

ಅಲ್ಲಿನ ಶುಕ್ರವಾರದ ಸಾಲು ನೋಡಿದವರಿಗೆ ಗೊತ್ತು, ಮುಂದಿನವರ ಮಾತು ಕೇಳಬಾರದೆಂದರೂ ಕಿವಿಗೆ ಬೀಳುತ್ತದೆ. ನನ್ನ ಮುಂದಿದ್ದ ಹೆಂಗಸು ಹಣ್ಣುಕಾಯಿ ಚೀಲವನ್ನು ಕೈಯಿಂದ ಕೈಗೆ ಬದಲಿಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಅಂದಳು: "ನಿಮ್ಮಕ್ಕನ ಮುಂದೆ ಹಂಗನ್ನಬಾರದಿತ್ತು ನೀವು." ಗಂಡ ಮೊಬೈಲಿನಿಂದ ತಲೆಯೆತ್ತಲಿಲ್ಲ. "ಏನೋ ಬಾಯ್ತಪ್ಪಿ ಬಂತು, ಆಗೋಯ್ತು. ನೀನು ಸಿಟ್ಟು ಬರ್ಸಿದ್ದಕ್ಕೆ ತಾನೆ?"

ಅವಳು ಸುಮ್ಮನಾದಳು. ನನಗೆ ಮಾತ್ರ ಆ ವ್ಯಾಕರಣ ತಲೆಯಲ್ಲಿ ಕೂತುಬಿಟ್ಟಿತು. ಮೂರು ಕ್ರಿಯಾಪದ. ಮಾತು ತಾನಾಗಿ ಬಂತು, ಆಗಿದ್ದು ತಾನಾಗಿ ಆಗೋಯ್ತು. ಇಡೀ ಮಾತಿನಲ್ಲಿ ಒಂದೇ ಒಂದು ಕೆಲಸಕ್ಕೆ ಮಾಡಿದವರಿದ್ದಾರೆ: ಸಿಟ್ಟು 'ಬರಿಸಿದ್ದು'. ಅದನ್ನು ಮಾಡಿದವಳು ಅವಳು. 'ಇಸು' ಅನ್ನುವ ಪುಟ್ಟ ಪ್ರತ್ಯಯ ಹೆಂಡತಿಯ ಹೆಗಲೇರಿತು, ಗಂಡ ಮಳೆಬೆಳೆಯ ಲೆಕ್ಕಕ್ಕೆ ಸೇರಿದ.

ಈ ರಿಯಾಯಿತಿ ಮನೆಯಲ್ಲಿ ಇಬ್ಬರಿಗೂ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವಳು 'ಅನ್ನ ಸೀದೋಯ್ತು' ಅಂದು ನೋಡಲಿ. "ಸೀದೋಯ್ತಂತೆ! ಸೀಯಿಸ್ದೆ ಅನ್ನು." ಕರ್ತೃ ಅರೆಗಳಿಗೆಯಲ್ಲಿ ಸಿಕ್ಕಿಬೀಳುತ್ತಾಳೆ. ಇನ್ನು ಅದೇ ಗಂಡಸಿನ ಬಾಯಿ ಸಾಲ ಕೊಡುವ ಸೊಸೈಟಿ ಕಾರ್ಯದರ್ಶಿಯ ಮುಂದೆ ಒಂದು ಸಲವೂ ತಪ್ಪುವುದಿಲ್ಲ, ಅಲ್ಲಿ ಎಷ್ಟೇ ಸಿಟ್ಟು ಬರಲಿ. ತಪ್ಪುವ ಬಾಯಿಗೆ ಎಲ್ಲಿ ತಪ್ಪಬೇಕೆಂದು ಚೆನ್ನಾಗಿ ಗೊತ್ತು.

'ಆಗೋಯ್ತು' ನಡೆಯದಿದ್ದಾಗ 'ನಾನೆಲ್ಲಿ ಹಂಗಂದೆ?' ಬರುತ್ತದೆ. ಆಮೇಲೆ 'ನಿಂಗೆ ತಮಾಷೆನೂ ಅರ್ಥ ಆಗಲ್ಲ.' ಕೊನೆಗೆ 'ಈ ಮನೇಲಿ ನಂಗೆ ಬಾಯಿ ಬಿಡೋಕೂ ಹೆದರಿಕೆ', ನೊಂದವನು ಅವನೇ. ಅಮೆರಿಕದ ಮನೋವಿಜ್ಞಾನಿ ಜೆನಿಫರ್ ಫ್ರೆಯ್ಡ್ 1997ರಲ್ಲಿ ಈ ನಡೆಯನ್ನು ಗುರುತಿಸಿ ಹೆಸರಿಟ್ಟರು: ಅಲ್ಲಗಳೆ, ತಿರುಗಿ ಬೀಳು, ನೊಂದವರ ಜಾಗದಲ್ಲಿ ನೀನೇ ಹೋಗಿ ಕೂರು. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ ನಾಟಕದಿಂದ ಬಂದ, ನೊಂದವರಿಗೆ ತಮ್ಮ ನೆನಪಿನ ಮೇಲೇ ಅನುಮಾನ ಹುಟ್ಟಿಸುವ ಆಟದ ಹೆಸರು 'ಗ್ಯಾಸ್‌ಲೈಟಿಂಗ್' ಈಗ ನಮ್ಮ ಹುಡುಗಿಯರ ಬಾಯಲ್ಲೂ ಓಡಾಡುತ್ತಿದೆ. ಓಡಾಡಲಿ. ಆದರೆ ಕೊರಟಗೆರೆಯ ಗಂಡನಿಗೆ ಅಷ್ಟೆಲ್ಲ ಸಲಕರಣೆ ಬೇಕಿಲ್ಲ, ಒಂದು ಅಕರ್ಮಕ ಕ್ರಿಯಾಪದ ಸಾಕು.

ಊರ ಹಿರಿಯರೂ ಅದನ್ನೇ ಎತ್ತಿಕೊಡುತ್ತಾರೆ: 'ಆಗಿದ್ದು ಆಗೋಯ್ತು, ಹೊಂದ್ಕಂಡ್ ಹೋಗಿ.' ಮನೆ ಉಳಿಯಲಿ ಅನ್ನುವ ಆಸೆ ಅವರದು, ಕೆಟ್ಟ ಉದ್ದೇಶವಲ್ಲ. ಹೇಳುವುದು ಇಬ್ಬರಿಗೂ, ತಲುಪುವುದು ಒಬ್ಬಳಿಗೆ.

ಈ ಕ್ರಿಯಾಪದವನ್ನು ಒಪ್ಪದ ಕಾಗದ ಒಂದಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 3ನೇ ಕಲಮು ಹೊಡೆತದ ಜೊತೆಗೆ ಅವಮಾನ, ಹೀಯಾಳಿಕೆ, ಮಕ್ಕಳಿಲ್ಲವೆಂಬ ಚುಚ್ಚುಮಾತನ್ನೂ ಹಿಂಸೆ ಎಂದೇ ಕರೆಯುತ್ತದೆ. ದೂರು ಬಂದಾಗ ಸಂರಕ್ಷಣಾಧಿಕಾರಿ ತುಂಬುವ ಒಂದು ನಮೂನೆ ಇದೆ. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಘಟನೆಯ ದಿನ, ಜಾಗ, ಹೊತ್ತು ಬರೆಯಲು ಅದರಲ್ಲಿ ಒಂದು ಅಂಕಣ. ಪಕ್ಕದಲ್ಲೇ ಇನ್ನೊಂದು: ಹಿಂಸೆ ಮಾಡಿದವರು ಯಾರು? ಅಲ್ಲಿ 'ಬಾಯ್ತಪ್ಪಿ ಬಂತು' ಎಂದು ಬರೆಯಲು ಬರುವುದಿಲ್ಲ.

ಆ ಮೇಜಿನ ಮುಂದೆ ಕೂತವಳೂ ಮೊದಲಿಗೆ ಹೇಳುವುದು 'ಜಗಳ ಆಯ್ತು ಮೇಡಂ' ಎಂದೇ ಇರಬಹುದು. ಅವಳು ಕಲಿತ ಕನ್ನಡವೂ ಅದೇ ತಾನೆ. ಅಧಿಕಾರಿಗೆ ಪುರುಸೊತ್ತಿದ್ದರೆ, ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಕೇಳಬೇಕು: ಯಾರಂದರು? ಏನಂದರು? ಯಾರ ಮುಂದೆ?