ಸತ್ತು ಬದುಕಿದವರ ಮಾತು, ಬರೆದಿಟ್ಟ ತಾರೀಖು

ಸಾವಿನ ಆಚೆ ಏನಿದೆ ಎಂಬ ಚರ್ಚೆ ಕನ್ನಡದಲ್ಲಿ ಈಗ ಎರಡೇ ಹಾದಿಯಲ್ಲಿ ನಡೆಯುತ್ತಿದೆ. ಒಂದು ಕಡೆಯವರು ಮಿದುಳಿನ ಅಲೆಗಳ ಚಿತ್ರ ತೋರಿಸಿ, ಆತ್ಮವನ್ನು ವಿಜ್ಞಾನವೇ ಒಪ್ಪಿಕೊಂಡಿದೆ ಎನ್ನುತ್ತಾರೆ. ಇನ್ನೊಂದು ಕಡೆಯವರು, ಅದೆಲ್ಲ ಆಮ್ಲಜನಕ ಸಿಗದ ಮಿದುಳಿನ ಭ್ರಮೆ, ಅಲ್ಲಿಗೆ ಮಾತು ಮುಗಿಯಿತು ಎನ್ನುತ್ತಾರೆ. ವಿಜ್ಞಾನ ಒಂದು ಬದಿಗೆ, ಸ್ವಂತ ಅನುಭವ ಇನ್ನೊಂದು ಬದಿಗೆ ನಿಂತಿವೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು ಎಂದು ಇಬ್ಬರೂ ಕೇಳುವವರನ್ನು ನಂಬಿಸುತ್ತಾರೆ. ಈ ಕ್ಷೇತ್ರದ ನೂರನಲವತ್ತು ವರ್ಷಗಳ ಕೆಲಸವನ್ನು ಓದಿದವರಿಗೆ ಈ ವಿಂಗಡಣೆ ಸರಿಯೆನಿಸುವುದಿಲ್ಲ. ಇಲ್ಲಿ ಗಂಭೀರವಾಗಿ ಕೆಲಸ ಮಾಡಿದ ಯಾರೂ ಅನುಭವವನ್ನು ತಳ್ಳಿಹಾಕಲಿಲ್ಲ, ಅವರ ಕಚ್ಚಾ ಸಾಮಗ್ರಿಯೇ ಅದು. ಜಗಳವೆಲ್ಲ ನಡೆದದ್ದು ಆ ಅನುಭವವನ್ನು ಯಾರು, ಯಾವಾಗ, ಯಾರ ಎದುರು ಬರೆದುಕೊಂಡರು ಎಂಬುದರ ಸುತ್ತ. ಆ ಕೆಲಸದ ಒಂದು ಮುಖ್ಯ ಪಾಲು ಬೆಂಗಳೂರಿನ ನಿಮ್ಹಾನ್ಸ್‌ನಿಂದ, ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ನಡೆಯಿತು. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಅದರ ಹೆಸರನ್ನೇ ಎತ್ತುವುದಿಲ್ಲ. ಈ ಲೇಖನಕ್ಕೆ ಕಾರಣ ಆ ಮರೆವು.

ಆರಂಭದ ಘಟ್ಟಗಳನ್ನು ಬೇಗ ದಾಟಬಹುದು. ನಮ್ಮ ವೀರಗಲ್ಲುಗಳ ಕೆಳಪಟ್ಟಿಯಲ್ಲಿ ಕಾಳಗ, ನಡುಪಟ್ಟಿಯಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇರುತ್ತಾರೆ. ಅದು ನಂಬಿಕೆಯ ಚಿತ್ರವೇ ಹೊರತು ಹೋಗಿ ಬಂದವರ ಹೇಳಿಕೆಯಲ್ಲ. ಹೇಳಿಕೆಯನ್ನು ಸಾಕ್ಷ್ಯವಾಗಿ ತೂಗುವ ಕೆಲಸ ಶುರುವಾದದ್ದು 1882ರಲ್ಲಿ, ಲಂಡನ್ನಿನಲ್ಲಿ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಹುಟ್ಟಿದಾಗ. ಹೆನ್ರಿ ಸಿಜ್‌ವಿಕ್, ಫ್ರೆಡರಿಕ್ ಮಯರ್ಸ್, ಎಡ್ಮಂಡ್ ಗರ್ನಿ ಮುಂತಾದವರು ಅದನ್ನು ಕಟ್ಟಿದರು. ಅದರ ಪರವಾಗಿ ರಿಚರ್ಡ್ ಹಾಡ್ಸನ್ ಮದರಾಸಿನ ಅಡ್ಯಾರಿಗೂ ಬಂದು ಥಿಯಾಸಫಿಯ ಪವಾಡಗಳನ್ನು ತನಿಖೆ ಮಾಡಿ, 1885ರಲ್ಲಿ ಅವು ಮೋಸವೆಂದು ವರದಿ ಕೊಟ್ಟ. 1894ರಲ್ಲಿ ಹೊರಬಂದ ಆ ಸಂಘದ ಭ್ರಮಾದರ್ಶನಗಳ ಗಣತಿಯಲ್ಲಿ ಸುಮಾರು 17,000 ಜನರ ಉತ್ತರಗಳಿದ್ದವು. ಆ ಕಾಲದ ಪ್ರೇತಮಾಧ್ಯಮಗಳ ಕಥೆಗಳಲ್ಲಿ ಹೆಚ್ಚಿನವನ್ನು ಇಂದು ಓದುವ ಅಗತ್ಯವಿಲ್ಲ. ಆದರೆ ಗರ್ನಿ ಹಾಕಿದ ಒಂದು ನಿಯಮ ಮಾತ್ರ ಹಳೆಯದಾಗಿಲ್ಲ. ದೂರದಲ್ಲಿ ಸತ್ತವನೊಬ್ಬ ತನಗೆ ಕಾಣಿಸಿಕೊಂಡನೆಂದು ಯಾರಾದರೂ ಹೇಳಿದರೆ, ಸಾವಿನ ಸುದ್ದಿ ತಲುಪುವ ಮೊದಲೇ ಅದನ್ನು ಇನ್ನೊಬ್ಬರಿಗೆ ಹೇಳಿದ್ದರೋ, ಬರೆದಿಟ್ಟಿದ್ದರೋ ಎಂದು ಅವರು ಮೊದಲು ಕೇಳುತ್ತಿದ್ದರು. ಸುದ್ದಿ ಬಂದ ಮೇಲೆ ನೆನಪು ಬದಲಾಗುತ್ತದೆ ಎಂಬ ಅರಿವು ಅವರಿಗಿತ್ತು. ಮುಂದೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಈ ಕ್ಷೇತ್ರವನ್ನು ಇಸ್ಪೀಟಿನಂಥ ಕಾರ್ಡುಗಳ ಎಣಿಕೆಗೆ ಇಳಿಸಿದಾಗ ಸಾವಿನ ಪ್ರಶ್ನೆ ಕೆಲವು ದಶಕ ಮೂಲೆಗೆ ಸೇರಿತು.

ಭಾರತದಲ್ಲಿ ಈ ಪ್ರಶ್ನೆ ಪುನರ್ಜನ್ಮದ ರೂಪದಲ್ಲಿ ಬಂತು. 1926ರಲ್ಲಿ ದೆಹಲಿಯಲ್ಲಿ ಹುಟ್ಟಿದ ಶಾಂತಿದೇವಿ ತಾನು ಹಿಂದೆ ಮಥುರೆಯಲ್ಲಿ ಗೃಹಿಣಿಯಾಗಿದ್ದೆ ಎನ್ನತೊಡಗಿದಾಗ, 1935ರಲ್ಲಿ ಗಣ್ಯರ ಸಮಿತಿಯೊಂದು ಆಕೆಯನ್ನು ರೈಲಿನಲ್ಲಿ ಮಥುರೆಗೆ ಕರೆದೊಯ್ದಿತು. ಮರುವರ್ಷ ವರದಿಯೂ ಅಚ್ಚಾಯಿತು. ಇಂದಿಗೂ ಭಾಷಣಗಳಲ್ಲಿ ಅದನ್ನೇ ಅಂತಿಮ ಪುರಾವೆಯಾಗಿ ಮುಂದಿಡುತ್ತಾರೆ. ಆದರೆ ಸಮಿತಿ ಹೊರಡುವ ಮೊದಲೇ ಮಥುರೆಯ ಮನೆಯವರು ದೆಹಲಿಗೆ ಬಂದು ಹುಡುಗಿಯನ್ನು ಕಂಡು ಮಾತಾಡಿಸಿ ಹೋಗಿದ್ದರು. ಎರಡು ಕುಟುಂಬಗಳು ಒಮ್ಮೆ ಕೂಡಿದ ಮೇಲೆ ಮಗು ಮೊದಲು ಏನು ಹೇಳಿತ್ತು, ಆಮೇಲೆ ಏನು ಕಲಿಯಿತು ಎಂಬುದನ್ನು ಬಿಡಿಸುವುದು ಎಷ್ಟು ಪ್ರಾಮಾಣಿಕ ಸಮಿತಿಗೂ ಆಗದ ಮಾತು.

ಈ ಕಷ್ಟವನ್ನು ನೇರವಾಗಿ ಎದುರಿಸಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್. ಅವರ ‘ಟ್ವೆಂಟಿ ಕೇಸಸ್ ಸಜೆಸ್ಟಿವ್ ಆಫ್ ರೀಇನ್‌ಕಾರ್ನೇಷನ್’ 1966ರಲ್ಲಿ ಬಂತು. ಆ ಹೆಸರಿನಲ್ಲೇ ಒಂದು ಎಚ್ಚರವಿದೆ. ಪುನರ್ಜನ್ಮವನ್ನು ‘ಸೂಚಿಸುವ’ ಪ್ರಕರಣಗಳು ಎಂದರೇ ವಿನಾ ‘ಸಾಧಿಸುವ’ ಪ್ರಕರಣಗಳು ಎನ್ನಲಿಲ್ಲ. ಜೆರಾಕ್ಸ್ ತಂತ್ರವನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ 1968ರಲ್ಲಿ ತೀರಿಕೊಂಡಾಗ ಈ ಸಂಶೋಧನೆಗೆ ದೊಡ್ಡ ಮೊತ್ತ ಬಿಟ್ಟುಹೋದರು. ಅದರಿಂದ ಕೆಲಸ ದಶಕಗಳ ಕಾಲ ನಡೆದು, 2,000ಕ್ಕೂ ಹೆಚ್ಚು ಪ್ರಕರಣಗಳು ಕೂಡಿದವು. ಮಕ್ಕಳು ಎರಡರಿಂದ ನಾಲ್ಕರ ವಯಸ್ಸಿನಲ್ಲಿ ಮಾತು ಶುರುಮಾಡುತ್ತಾರೆ, ಐದರಿಂದ ಎಂಟರೊಳಗೆ ನಿಲ್ಲಿಸುತ್ತಾರೆ, ಅವರು ನೆನೆಯುವ ಸಾವುಗಳಲ್ಲಿ ಕೊಲೆ, ಅಪಘಾತದಂಥ ಅಕಾಲ ಮರಣಗಳ ಪಾಲು ದೊಡ್ಡದು ಎಂಬ ವಿನ್ಯಾಸ ಹೊರಬಿದ್ದದ್ದು ಈ ಸಂಗ್ರಹದಿಂದ. ಆದರೂ ನನ್ನ ಮಟ್ಟಿಗೆ ಈ ಪರಂಪರೆಯ ಶ್ರೇಷ್ಠ ಕೆಲಸ ಸ್ಟೀವನ್‌ಸನ್ ಅವರ ದಪ್ಪ ಸಂಪುಟಗಳಲ್ಲಿಲ್ಲ. ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಸತ್ವಂತ್ ಪಸ್ರೀಚಾ ಅವರ ಹಳ್ಳಿ ಸಮೀಕ್ಷೆಗಳಲ್ಲಿದೆ.

ಅದುವರೆಗಿನ ಪ್ರಕರಣಗಳು ಪತ್ರಿಕೆಯ ಸುದ್ದಿಯಿಂದಲೋ ಬಾಯಿಮಾತಿನಿಂದಲೋ ಸಂಶೋಧಕರಿಗೆ ಸಿಕ್ಕಂಥವು. ಬೆರಗಾಗಿಸುವ ಕಥೆ ಊರು ದಾಟಿ ಬರುತ್ತದೆ, ಸಪ್ಪೆ ಕಥೆ ಮನೆಯಲ್ಲೇ ಸಾಯುತ್ತದೆ. ಹಾಗಾಗಿ ಎಷ್ಟು ಜನರಲ್ಲಿ ಎಷ್ಟು ಎಂಬ ಲೆಕ್ಕಕ್ಕೆ ಮೇಲಿನ ಸಂಖ್ಯೆಯಿತ್ತೇ ಹೊರತು ಕೆಳಗಿನ ಸಂಖ್ಯೆ ಇರಲಿಲ್ಲ. ಮಾನವಶಾಸ್ತ್ರಜ್ಞ ಡೇವಿಡ್ ಬಾರ್ಕರ್ ಜೊತೆ ಪಸ್ರೀಚಾ ಆಗ್ರಾ ಜಿಲ್ಲೆಯ ಫತೇಹಾಬಾದ್ ಸೀಮೆಯಲ್ಲಿ ಕ್ರಮಬದ್ಧವಾಗಿ ವಿಚಾರಿಸಿ, 1979ರಲ್ಲಿ ಪ್ರಕಟಿಸಿದ ಫಲಿತಾಂಶ ಸಾವಿರಕ್ಕೆ ಸುಮಾರು ಎರಡು. ಈ ಚಿಕ್ಕ ಸಂಖ್ಯೆಯ ಬೆಲೆ ನೂರು ರೋಚಕ ಕಥೆಗಳಿಗಿಂತ ಹೆಚ್ಚು. ಪುನರ್ಜನ್ಮವನ್ನು ಬಹುತೇಕ ಎಲ್ಲರೂ ನಂಬುವ ಸೀಮೆಯಲ್ಲೂ ಅದನ್ನು ನೆನೆಯುವ ಮಗು ಅಪರೂಪ ಎಂದು ಅದು ತೋರಿಸಿತು. ಇದೇ ಇಬ್ಬರು ರಾಜಸ್ಥಾನದ ಒಂದು ಪ್ರಕರಣವನ್ನು ಜೊತೆಯಾಗಿ ಪರಿಶೀಲಿಸಿ, ಬೇರೆ ಬೇರೆ ತೀರ್ಮಾನಕ್ಕೆ ಬಂದು, ಎರಡನ್ನೂ ಒಂದೇ ಲೇಖನದಲ್ಲಿ ಅಚ್ಚುಹಾಕಿಸಿದರು. ಮಗುವಿನ ಮಾತು ಊರಿನ ಸಂಪರ್ಕಗಳಿಂದಲೇ ರೂಪುಗೊಂಡಿರಬಹುದೆಂದು ಬಾರ್ಕರ್‌ಗೆ ಅನಿಸಿತು, ಅಷ್ಟರಿಂದ ಅದನ್ನು ವಿವರಿಸಲಾಗದೆಂದು ಪಸ್ರೀಚಾಗೆ ಅನಿಸಿತು. ಸಾಕ್ಷ್ಯ ಒಂದೇ, ಓದು ಎರಡು. ಇಷ್ಟು ಪ್ರಾಮಾಣಿಕವಾದ ಬರಹ ಈ ಕ್ಷೇತ್ರದಲ್ಲಿ ಹೆಚ್ಚಿಲ್ಲ.

ಪುನರ್ಜನ್ಮದ ಇಂಥ ಪ್ರಕರಣಗಳಿಗೆ ಬಲವಾದ ಆಕ್ಷೇಪ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ತತ್ವಶಾಸ್ತ್ರಜ್ಞ ಸಿ. ಟಿ. ಕೆ. ಚಾರಿ ಅವರಿಂದ ಬಂತು. ನಂಬಿಕೆ ಗಾಢವಾಗಿರುವ ಕಡೆ ಮಗುವಿನ ತೊದಲುಮಾತಿಗೆ ದೊಡ್ಡವರು ಅರ್ಥ ತುಂಬುತ್ತಾರೆ, ಆ ಅರ್ಥವೇ ನೆನಪಾಗಿ ಮಗುವಿನ ಬಾಯಿಗೆ ಮರಳುತ್ತದೆ ಎಂಬುದು ಈ ವಾದದ ಸಾರ. ಇದನ್ನು ಒರೆಗೆ ಹಚ್ಚುವ ದಾರಿ ಒಂದೇ. ಹಿಂದಿನ ಜನ್ಮದ ಮನೆಯನ್ನು ಹುಡುಕುವ ಮೊದಲೇ ಮಗುವಿನ ಮಾತನ್ನು ಬರೆದಿಟ್ಟ ಪ್ರಕರಣಗಳನ್ನು, ಆಮೇಲೆ ನೆನಪಿನಿಂದ ದಾಖಲಿಸಿದವುಗಳ ಪಕ್ಕ ಇಟ್ಟು ನೋಡಬೇಕು. ಆಕ್ಷೇಪ ಸರಿಯಿದ್ದರೆ ಮೊದಲ ಗುಂಪಿನಲ್ಲಿ ಸರಿಯಾದ ಹೇಳಿಕೆಗಳ ಪ್ರಮಾಣ ಗಣನೀಯವಾಗಿ ಕುಸಿಯಬೇಕು. 1998ರಲ್ಲಿ ಸೈಬೋ ಸ್ಖೌಟನ್ ಮತ್ತು ಸ್ಟೀವನ್‌ಸನ್ ಭಾರತ ಮತ್ತು ಶ್ರೀಲಂಕಾದ ಪ್ರಕರಣಗಳಲ್ಲಿ ಹೀಗೆ ಹೋಲಿಸಿದಾಗ ಅಂಥ ಕುಸಿತ ಕಾಣಲಿಲ್ಲ, ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಚಾರಿಯವರ ವಾದ ಇದರಿಂದ ಬಿದ್ದುಹೋಗುವುದಿಲ್ಲ, ಏಕೆಂದರೆ ಮುಂಚೆಯೇ ಬರೆದಿಟ್ಟ ಪ್ರಕರಣಗಳು ಇಡೀ ಸಂಗ್ರಹದಲ್ಲಿ ಬೆರಳೆಣಿಕೆಯಷ್ಟು. ಆದರೆ ವಾದ ಈಗ ಅಂಕಿಗಳಿಗೆ ಉತ್ತರ ಹೇಳಬೇಕಾಗಿದೆ. ಅನುಭವವನ್ನು ವಿಜ್ಞಾನ ತಳ್ಳಿಹಾಕಿತು ಎನ್ನುವವರು ಈ ಹೋಲಿಕೆಯನ್ನು ಓದಿಲ್ಲ, ಪುನರ್ಜನ್ಮ ಸಾಬೀತಾಯಿತು ಎನ್ನುವವರೂ ಓದಿಲ್ಲ.

ಇನ್ನೊಂದು ಪ್ರಶ್ನೆ ನಮಗೆ ನೇರವಾಗಿ ಸಂಬಂಧಿಸಿದ್ದು. ಕರ್ಮ, ಪುನರ್ಜನ್ಮಗಳ ನಂಬಿಕೆ ದಕ್ಷಿಣದಲ್ಲಿ ಉತ್ತರಕ್ಕಿಂತ ಕಡಿಮೆಯೇನಿಲ್ಲ. ಹಾಗಿದ್ದೂ ಇಂಥ ಮಕ್ಕಳ ವರದಿಗಳು ಉತ್ತರ ಭಾರತದಿಂದ ಬಂದಷ್ಟು ದಕ್ಷಿಣದಿಂದ ಬರುವುದೇ ಇಲ್ಲ. 2001ರಲ್ಲಿ ಪಸ್ರೀಚಾ ಈ ಕೊರತೆಯನ್ನೇ ವಿಷಯವಾಗಿಸಿ ಬರೆದರು. ನಂಬಿಕೆಯೇ ಪ್ರಕರಣವನ್ನು ಹುಟ್ಟಿಸುವುದಾದರೆ ನಮ್ಮಲ್ಲೂ ಅಷ್ಟೇ ಇರಬೇಕಿತ್ತು. ಸತ್ತವರು ನಿಜಕ್ಕೂ ಮರಳಿ ಹುಟ್ಟುವುದಾದರೆ ಅವರು ವಿಂಧ್ಯದ ಗಡಿ ನೋಡಿ ಹುಟ್ಟುವ ಕಾರಣವಿಲ್ಲ. ಎರಡು ಪಕ್ಷಗಳಿಗೂ ಇದು ಸಮಾನ ತೊಡಕು. ಮಗು ಹಾಗೆ ಮಾತಾಡಿದಾಗ ಮನೆಯವರು ಗದರಿಸಿ ಸುಮ್ಮನಾಗಿಸುತ್ತಾರೋ, ದೃಷ್ಟಿ ತೆಗೆದು ಮರೆಯುತ್ತಾರೋ, ಕೂರಿಸಿಕೊಂಡು ಕೇಳುತ್ತಾರೋ ಎಂಬುದರಲ್ಲಿ ಉತ್ತರವಿರಬಹುದು. ಭಕ್ತನಿಗೆ ಮರುಹುಟ್ಟಿಲ್ಲ, ಅವನು ಲಿಂಗೈಕ್ಯನಾಗುತ್ತಾನೆ ಎನ್ನುವ ದೊಡ್ಡ ಸಮುದಾಯವೂ ನಮ್ಮಲ್ಲಿದೆ. ಆ ಮನೆಗಳಲ್ಲಿ ಇಂಥ ಮಾತಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಸಾವಿನಂಚಿಗೆ ಹೋಗಿ ಬಂದವರ ಅಧ್ಯಯನ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1975ರಲ್ಲಿ ರೇಮಂಡ್ ಮೂಡಿ ಅವರ ‘ಲೈಫ್ ಆಫ್ಟರ್ ಲೈಫ್’ ಸುರಂಗ, ಬೆಳಕು, ಬದುಕಿನ ಮರುನೋಟಗಳ ಚಿತ್ರವನ್ನು ಜನಪ್ರಿಯಗೊಳಿಸಿತು. 1983ರಲ್ಲಿ ಬ್ರೂಸ್ ಗ್ರೇಸನ್ 16 ಪ್ರಶ್ನೆಗಳ ಅಳತೆಗೋಲು ಕೊಟ್ಟರು. 1986ರಲ್ಲಿ ಪಸ್ರೀಚಾ ಮತ್ತು ಸ್ಟೀವನ್‌ಸನ್ ಪ್ರಕಟಿಸಿದ 16 ಭಾರತೀಯ ಪ್ರಕರಣಗಳಲ್ಲಿ ಕಂಡ ಲೋಕವೇ ಬೇರೆ. ಅಲ್ಲಿ ಯಮದೂತರು ಬಂದು ಹಿಡಿದುಕೊಂಡು ಹೋಗುತ್ತಾರೆ. ಒಬ್ಬರು ದೊಡ್ಡ ಪುಸ್ತಕ ತೆರೆದು ಹೆಸರು ನೋಡುತ್ತಾರೆ. ಕರೆತರಬೇಕಿದ್ದವನು ಇವನಲ್ಲ, ಅದೇ ಹೆಸರಿನ ಇನ್ನೊಬ್ಬ ಎಂದು ಗೊತ್ತಾಗುತ್ತದೆ. ತಪ್ಪು ಮಾಡಿದ ದೂತರಿಗೆ ಗದರಿಕೆ, ಇವನಿಗೆ ವಾಪಸು ದಾರಿ. ಕೆಲವರು ಅಲ್ಲಿಂದ ಬಂದ ಗುರುತನ್ನು ಮೈಮೇಲೆ ತೋರಿಸುತ್ತಾರೆ. ಬಳಿಕ ಚನ್ನಪಟ್ಟಣದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲೂ ಸತ್ತು ಬದುಕಿದವರೆಂದು ಊರು ಗುರುತಿಸುವವರು ಸಿಕ್ಕರು. ಸುರಂಗ ಮಿದುಳಿನ ರಚನೆಯಿಂದಲೇ ಬರುವುದಾದ್ದರಿಂದ ಭಾರತದಲ್ಲೂ ಇರಲೇಬೇಕೆಂದು ಸೂಸನ್ ಬ್ಲ್ಯಾಕ್‌ಮೋರ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹುಡುಕಿ 1993ರಲ್ಲಿ ಬರೆದದ್ದುಂಟು. ಇಂಗ್ಲಿಷ್ ಪತ್ರಿಕೆ ಓದಿ ಕಾಗದ ಬರೆದ ಕೆಲವೇ ಮಂದಿಯಿಂದ ಒಂದು ದೇಶದ ಸಾವನ್ನು ಅಳೆಯುವುದು ದುರ್ಬಲ ವಿಧಾನ.

ಯಮದೂತ ಇಲ್ಲಿ, ಬೆಳಕಿನ ಮೂರ್ತಿ ಅಲ್ಲಿ ಎಂಬ ವ್ಯತ್ಯಾಸವನ್ನೇ ಹಿಡಿದು ಎಲ್ಲ ಕಲ್ಪನೆ ಎನ್ನುವವರಿದ್ದಾರೆ. ಗರುಡ ಪುರಾಣ ಕೇಳಿ ಬೆಳೆದ ಮನಸ್ಸು ಚಿತ್ರಗುಪ್ತನ ಪುಸ್ತಕವನ್ನು ಕಾಣುವುದು ಸಹಜ ಎಂಬುದನ್ನು ನಾನೂ ಒಪ್ಪುತ್ತೇನೆ. ಕಂಡದ್ದರ ವೇಷ ಸಂಸ್ಕೃತಿಯದು. ಆದರೆ ಕಥೆಯಲ್ಲಿ ವೇಷದಾಚೆಯ ಒಂದು ಅಂಶ ಪದೇ ಪದೇ ಬರುತ್ತದೆ. ಇವನು ಕಣ್ಣುಬಿಟ್ಟ ಹೊತ್ತಿಗೆ ಅದೇ ಹೆಸರಿನ ಇನ್ನೊಬ್ಬ ಪಕ್ಕದ ಕೇರಿಯಲ್ಲೋ ಊರಲ್ಲೋ ಸತ್ತ ಎನ್ನುತ್ತಾರೆ. ಇದು ನಂಬುವ ಬಿಡುವ ಮಾತಲ್ಲ, ನೋಡಿ ಹೇಳುವ ಮಾತು. 1969ರ ಕಾಯ್ದೆಯಂತೆ ಮರಣ ನೋಂದಣಿಯಾಗಬೇಕು, ಅದರಲ್ಲಿ ಹೆಸರೂ ತಾರೀಖೂ ಇರುತ್ತವೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ ‘ಪರಿಶೀಲಿಸಬಹುದಾದ’ ಮೂಢನಂಬಿಕೆಗಳು ಎಂದು ಅದರ ಹೆಸರಿನಲ್ಲೇ ಸೇರಿಸಿದ್ದರು. ವಿಚಾರವಾದಿಗಳ ಮುಂದಿನ ಪೀಳಿಗೆ ಆ ವಿಶೇಷಣವನ್ನು ಕೈಬಿಟ್ಟದ್ದು ನಷ್ಟ.

ಆಸ್ಪತ್ರೆಯ ಘಟ್ಟ ಈಗಿನದು, ಹೆಚ್ಚು ತಪ್ಪಾಗಿ ಓದಲಾಗುತ್ತಿರುವುದೂ ಇದನ್ನೇ. 2001ರಲ್ಲಿ ಪಿಮ್ ವಾನ್ ಲೊಮ್ಮೆಲ್ ತಂಡ ಡಚ್ ಆಸ್ಪತ್ರೆಗಳಲ್ಲಿ ಹೃದಯ ನಿಂತು ಬದುಕಿದ 344 ಮಂದಿಯನ್ನು ವಿಚಾರಿಸಿದಾಗ 62 ಜನ ಇಂಥ ಅನುಭವ ಹೇಳಿದರು. ಎಲ್ಲರ ಮಿದುಳಿಗೂ ರಕ್ತ ನಿಂತಿತ್ತು, ಅನುಭವ ಮಾತ್ರ ಶೇಕಡ 18 ಜನರಿಗೆ. ಆಮ್ಲಜನಕದ ಕೊರತೆಯೊಂದೇ ಉತ್ತರವಲ್ಲ ಎನ್ನಲು ಇಷ್ಟು ಸಾಕು. ಸ್ಯಾಮ್ ಪಾರ್ನಿಯಾ ತಂಡ ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ವಾರ್ಡುಗಳ ಶೆಲ್ಫುಗಳಲ್ಲಿ ಚಿತ್ರಗಳನ್ನಿಟ್ಟಿತು. ದೇಹದಿಂದ ಹೊರಬಂದು ಮೇಲಿಂದ ನೋಡಿದೆ ಎನ್ನುವವರನ್ನು ಪರೀಕ್ಷಿಸಲು ಇದಕ್ಕಿಂತ ನೇರ ದಾರಿಯಿಲ್ಲ. 2014ರಲ್ಲಿ 2,060 ಪ್ರಸಂಗಗಳ ವರದಿ ಬಂದಾಗಲೂ, 2023ರಲ್ಲಿ ಎರಡನೇ ಅಧ್ಯಯನ ಬಂದಾಗಲೂ ಆ ಚಿತ್ರ ಗುರುತಿಸಿದವರು ಯಾರೂ ಇಲ್ಲ. ಬದುಕಿ ಮಾತಾಡುವ ಸ್ಥಿತಿಯಲ್ಲಿದ್ದವರೇ ಕಡಿಮೆ, ಅವರಲ್ಲಿ ಅನುಭವ ಹೇಳಿದವರು ಇನ್ನೂ ಕಡಿಮೆ, ಹಾಗಾಗಿ ಇದು ನಿರಾಕರಣೆಯಾಗುವುದಿಲ್ಲ. ಆದರೆ ಪುರಾವೆಯಂತೂ ಅಲ್ಲ. ಅದೇ 2023ರಲ್ಲಿ ಜೀಮೋ ಬೋರ್ಜಿಗಿನ್ ತಂಡ ಸಾಯುತ್ತಿದ್ದ ನಾಲ್ವರ ಮಿದುಳಿನ ದಾಖಲೆ ನೋಡಿ, ಇಬ್ಬರಲ್ಲಿ ಗಾಮಾ ಅಲೆಗಳು ಉಕ್ಕಿದ್ದನ್ನು ವರದಿ ಮಾಡಿತು. ಆತ್ಮ ಹೊರಡುವ ಕ್ಷಣದ ಚಿತ್ರ ಎಂದು ಕೆಲವರು, ಭ್ರಮೆಯ ಮೂಲ ಸಿಕ್ಕಿತು ಎಂದು ಕೆಲವರು ಸಂಭ್ರಮಿಸಿದರು. ಆ ನಾಲ್ವರೂ ತೀರಿಕೊಂಡರು, ಅವರಿಗೆ ಏನು ಕಂಡಿತೆಂದು ಹೇಳಲು ಯಾರೂ ಉಳಿಯಲಿಲ್ಲ. ಇಲ್ಲಿ ಅಲೆಯಿದೆ, ಅನುಭವವಿಲ್ಲ. ಚನ್ನಪಟ್ಟಣದವರಲ್ಲಿ ಅನುಭವವಿದೆ, ಅಲೆಯಿಲ್ಲ. ಎರಡನ್ನೂ ಒಬ್ಬನೇ ಮನುಷ್ಯನಲ್ಲಿ, ಗಡಿಯಾರದ ಒಂದೇ ನಿಮಿಷಕ್ಕೆ ಜೋಡಿಸುವವರೆಗೆ ಇಬ್ಬರೂ ಕಾಯಬೇಕು.

ಅನುಭವಿಸಿದವನಿಗೆ ಗೊತ್ತಿದೆ, ಅವನಿಗೆ ನಿಮ್ಮ ಪರೀಕ್ಷೆ ಏಕೆ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಸತ್ತು ಬದುಕಿದವರಲ್ಲಿ ಅನೇಕರ ಸಾವಿನ ಭಯ ಕಳೆದುಹೋಗುತ್ತದೆ, ಬದುಕುವ ರೀತಿ ಬದಲಾಗುತ್ತದೆ. ತನಗೆ ಏನಾಯಿತು ಎಂಬುದಕ್ಕೆ ಅವನೇ ಪ್ರಮಾಣ, ಅದನ್ನು ಯಾವ ಯಂತ್ರವೂ ಸುಳ್ಳಾಗಿಸಲಾರದು. ಅದು ಎಲ್ಲಿಂದ ಬಂತು, ದೇಹ ಬಿಟ್ಟ ಮೇಲೂ ಏನಾದರೂ ಉಳಿಯುತ್ತದೆಯೇ ಎಂಬುದಕ್ಕೆ ಅವನು ಒಬ್ಬ ಸಾಕ್ಷಿ, ತೀರ್ಪುಗಾರನಲ್ಲ. ಈ ಗೆರೆಯನ್ನು ಗೌರವದಿಂದ ಎಳೆದ ಕಾರಣಕ್ಕೇ ಪಸ್ರೀಚಾ ಅವರ ಕೆಲಸ ಇಂದಿಗೂ ಓದಿಸಿಕೊಳ್ಳುತ್ತದೆ.

ಕನ್ನಡದ ಮನೆಗಳಲ್ಲಿ ಕೊನೆಯ ದಿನಗಳಲ್ಲಿರುವವರು ಸತ್ತ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ ಎನ್ನುತ್ತಾರೆ, ಯಾರೋ ಕರೆಯುತ್ತಿದ್ದಾರೆ ಎನ್ನುತ್ತಾರೆ. ಹನ್ನೊಂದನೆಯ ದಿನದ ಹೊತ್ತಿಗೆ ಆ ಮಾತು ನಾಲ್ಕು ಬಾಯಿ ದಾಟಿರುತ್ತದೆ. ಇದನ್ನು ಕಂಡ ಗಳಿಗೆಯಲ್ಲೇ ಬರೆದುಕೊಳ್ಳಬಲ್ಲವರು ಸಂಶೋಧಕರಲ್ಲ, ಹಾಸಿಗೆಯ ಪಕ್ಕದಲ್ಲಿರುವ ದಾದಿಯರು, ಉಪಶಾಮಕ ಆರೈಕೆಗೆ ಮನೆಗೆ ಬರುವವರು, ಆಶಾ ಕಾರ್ಯಕರ್ತೆಯರು. ಅವರ ಕೈಯಲ್ಲಿ ಈಗಾಗಲೇ ಜ್ವರ, ನಾಡಿ, ಔಷಧ ಬರೆಯುವ ಪುಸ್ತಕವಿದೆ. ಮನೆಯವರು ಒಪ್ಪಿದ ಕಡೆ ಅದರಲ್ಲಿ ಇನ್ನೊಂದು ಅಂಕಣ ಸೇರಿದರೆ ಸಾಕು: ರೋಗಿ ಹೇಳಿದ ಮಾತು, ಅವರದೇ ನುಡಿಯಲ್ಲಿ, ಹೇಳಿದ ದಿನ ಮತ್ತು ಹೊತ್ತು, ಆಗ ಕೊಟ್ಟಿದ್ದ ಔಷಧ.