ಬಡಾವಣೆಯ ಸಂಗೀತ ಶಾಲೆಗೆ ದುಡ್ಡು ಎಲ್ಲಿಂದ? ತಬಲಾ ಸಿಗುತ್ತೆ, ಮೇಷ್ಟ್ರ ಸಂಬಳ ಸಿಗಲ್ಲ

ಕೆಲವು ವರ್ಷಗಳ ಹಿಂದೆ ಒಂದು ಬಡಾವಣೆಯ ಸಮುದಾಯ ಭವನದಲ್ಲಿ ಬೀಗ ಹಾಕಿದ ಕಬ್ಬಿಣದ ಬೀರು ನೋಡಿದ್ದೆ. ಒಳಗೆ ಎರಡು ಕೀಬೋರ್ಡ್, ನಾಲ್ಕು ಜೊತೆ ತಬಲಾ, ಒಂದು ಹಾರ್ಮೋನಿಯಂ. ಎಲ್ಲದರ ಮೇಲೂ ದಾನಿಗಳ ಸ್ಟಿಕ್ಕರ್. ಕಲಿಸುತ್ತಿದ್ದ ಮೇಷ್ಟ್ರು ತಿಂಗಳುಗಟ್ಟಲೆ ಸಂಬಳ ಬಾರದೆ ಬಿಟ್ಟುಹೋಗಿದ್ದರು. ಕಲಿಯುತ್ತಿದ್ದ ಹುಡುಗರು ಅದೇ ಭವನದ ಮೆಟ್ಟಿಲ ಮೇಲೆ ಕೂತು ರೀಲ್ಸ್ ನೋಡ್ತಿದ್ರು.

ಹದಿಹರೆಯದವರಿಗೆ ಶಾಲೆ ಬಿಟ್ಟ ಮೇಲೆ ಉಚಿತವಾಗಿ ಸಂಗೀತ ಕಲಿಸುವ ಪ್ರಯತ್ನಗಳು ಬಹುತೇಕ ನಿಲ್ಲೋದು ಹೀಗೇ. ವಸ್ತುವಿಗೆ ದುಡ್ಡು ಕೊಡುವವರು ಸಿಗ್ತಾರೆ, ಯಾಕಂದ್ರೆ ವಸ್ತುವಿನ ಜೊತೆ ಫೋಟೋ ತೆಗೆಸಿಕೊಳ್ಳಬಹುದು. ತಿಂಗಳ ಸಂಬಳದ ಜೊತೆ ಫೋಟೋ ಬರಲ್ಲ. ಹಾಗಾದರೆ ಸಂಬಳದ ದುಡ್ಡು ಎಲ್ಲಿಂದ ತರಬಹುದು?

ಮೊದಲು ಲೆಕ್ಕ

ಅಂಕಿಗಳು ನನ್ನ ಅಂದಾಜು, ನಿಮ್ಮ ಊರಿನ ದರ ಹಾಕಿಕೊಳ್ಳಿ. 8ರಿಂದ 10ನೇ ತರಗತಿಯ 30 ಮಕ್ಕಳು, ಸಂಜೆ ಎರಡು ಗಂಟೆ, ವರ್ಷಕ್ಕೆ 220 ದಿನ.

- ಇಬ್ಬರು ಶಿಕ್ಷಕರು, ತಿಂಗಳಿಗೆ ತಲಾ 18,000 ರೂ.: ವರ್ಷಕ್ಕೆ 4.32 ಲಕ್ಷ
- ತಿಂಡಿ, ಮಗುವಿಗೆ ದಿನಕ್ಕೆ 20 ರೂ.: 1.32 ಲಕ್ಷ
- ತಂತಿ, ಚರ್ಮ, ರಿಪೇರಿ: 40 ಸಾವಿರ
- ಸಮನ್ವಯ, ಪ್ರಯಾಣ, ಆಡಿಟ್: 96 ಸಾವಿರ

ಒಟ್ಟು ವರ್ಷಕ್ಕೆ 7 ಲಕ್ಷ. ಒಂದು ಮಗುವಿಗೆ ತಿಂಗಳಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ವಾದ್ಯಗಳಿಗೆ ಒಂದೇ ಸಲ 2.5 ಲಕ್ಷ ಅಂತ ಇಟ್ಟರೂ, ಮೂರು ವರ್ಷದ ಒಟ್ಟು 23.5 ಲಕ್ಷದಲ್ಲಿ ಅದರ ಪಾಲು ಸುಮಾರು ಶೇ 11 ಮಾತ್ರ. ದಾನಿಗಳು ಮುಗಿಬಿದ್ದು ಕೊಡೋದು ಈ ಶೇ 11ಕ್ಕೆ.

ತಿಂಡಿಯನ್ನು ಕತ್ತರಿಸೋಣ ಅನ್ನಿಸಬಹುದು. ಬೇಡ. ಮಧ್ಯಾಹ್ನ ಶಾಲೆಯಲ್ಲಿ ಉಂಡ ಮಗು ಸಂಜೆ ಆರೂವರೆವರೆಗೆ ಹಸಿದುಕೊಂಡು ತಾಳ ಹಾಕಲ್ಲ. ಹಾಗೇ, ಇಬ್ಬರು ಶಿಕ್ಷಕರು ಅನ್ನೋದು ಐಷಾರಾಮವಲ್ಲ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ವಯಸ್ಕರು ಇರಬೇಕು, ಅವರಲ್ಲಿ ಒಬ್ಬರು ಮಹಿಳೆ ಆಗಿರಬೇಕು. ಕತ್ತಲಾಗುವ ಮೊದಲು ಮುಗಿಯಬೇಕು. ಇಷ್ಟಿಲ್ಲದಿದ್ದರೆ ಮೊದಲು ಬಿಟ್ಟುಹೋಗೋದು ಹೆಣ್ಣುಮಕ್ಕಳು.

ಜಾಗದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಂಜೆ ಸರ್ಕಾರಿ ಶಾಲೆಯ ಕೊಠಡಿಗಳು ಖಾಲಿ ಇರುತ್ತವೆ. ಎಸ್‌ಡಿಎಂಸಿ ಮತ್ತು ಮುಖ್ಯ ಶಿಕ್ಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ವರ್ಗಾವಣೆ ಆದ ದಿನ ಮುಗಿದುಹೋಗುತ್ತೆ.

ಬಾಗಿಲು 1: ಸಿಎಸ್‌ಆರ್

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದು ಗೆರೆ ದಾಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ 7ನೇ ಷೆಡ್ಯೂಲ್‌ನಲ್ಲಿ ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿಯೂ ಇದೆ. ಹಾಗಾಗಿ ಸಂಗೀತ ಶಾಲೆಗೆ ಕಾನೂನಿನ ಅಡ್ಡಿ ಇಲ್ಲ.

ತೊಡಕು ಎರಡು. ಒಂದು, ದುಡ್ಡು ಪಡೆಯುವ ಸಂಸ್ಥೆಗೆ 12ಎ, 80ಜಿ, ಸಿಎಸ್‌ಆರ್-1 ನೋಂದಣಿ ಬೇಕು, ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ನಿನ್ನೆ ಮೊನ್ನೆ ಕಟ್ಟಿದ ಯುವಕ ಸಂಘಕ್ಕೆ ಇದು ಮುಚ್ಚಿದ ಬಾಗಿಲೇ. ನೋಂದಣಿ ಇರುವ ಹಳೆಯ ಟ್ರಸ್ಟ್ ಜೊತೆ ಕೈಜೋಡಿಸುವುದೇ ದಾರಿ. ಎರಡು, ಯೋಜನೆ ಶುರುವಾದ ವರ್ಷ ಬಿಟ್ಟು ಗರಿಷ್ಠ ಮೂರು ವರ್ಷ ಮಾತ್ರ ಅದನ್ನು ‘ಚಾಲ್ತಿಯಲ್ಲಿರುವ ಯೋಜನೆ’ ಅಂತ ತೋರಿಸಬಹುದು. 8ನೇ ತರಗತಿಯಲ್ಲಿ ಸೇರಿದ ಹುಡುಗಿ ಪಿಯುಸಿ ಮುಗಿಸುವ ಮೊದಲೇ ಆ ಕಂತು ಮುಗಿದಿರುತ್ತೆ.

“ಸಂಬಳಕ್ಕೆ ಕೊಡಲ್ಲ, ಅದು ಆಡಳಿತ ವೆಚ್ಚ, ಶೇ 5ರ ಮಿತಿ ಇದೆ” ಅಂತ ಯಾರಾದರೂ ಹೇಳಿದರೆ ನಿಯಮ ತೆಗೆದು ತೋರಿಸಿ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಯೋಜನೆಯನ್ನು ಜಾರಿ ಮಾಡುವ ನೇರ ವೆಚ್ಚ ಅದರಲ್ಲಿ ಸೇರಲ್ಲ. ಸಂಗೀತ ಕಲಿಸುವ ಯೋಜನೆಯಲ್ಲಿ ಕಲಿಸುವವರ ಸಂಬಳಕ್ಕಿಂತ ನೇರ ವೆಚ್ಚ ಇನ್ಯಾವುದು?

ಬಾಗಿಲು 2: ಪಂಚಾಯಿತಿ, ನಗರಸಭೆ

ಸಂವಿಧಾನದ 11ನೇ ಷೆಡ್ಯೂಲ್‌ನಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ‘ಸಾಂಸ್ಕೃತಿಕ ಚಟುವಟಿಕೆ’ ಇದೆ. ನಗರಾಡಳಿತದ 12ನೇ ಷೆಡ್ಯೂಲ್‌ನಲ್ಲೂ ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಉತ್ತೇಜನ ಅಂತ ಬರೆದಿದೆ. ಚರಂಡಿ, ಬೀದಿದೀಪದಷ್ಟೇ ಇದೂ ಅವರ ಕೆಲಸ. ಕೇಳುವವರು ಕಡಿಮೆ, ಅಷ್ಟೇ.

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ದುಡ್ಡು ತೆಗೆದಿಟ್ಟು ಕ್ರಿಯಾ ಯೋಜನೆ ಮಾಡುತ್ತವೆ. 24.10 ಬಂದಿದ್ದು 2011ರ ಜನಗಣತಿಯಿಂದ: ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ 17.15, ಪಂಗಡ ಶೇ 6.95. ದಲಿತ ಕೇರಿಯ ಮಕ್ಕಳ ಸಂಗೀತ ಕಲಿಕೆಯನ್ನು ಈ ಕ್ರಿಯಾ ಯೋಜನೆಗೆ ಸೇರಿಸಿ ಅಂತ ಕೇಳುವುದು ಭಿಕ್ಷೆಯಲ್ಲ, ಪಾಲು.

ಆದರೆ ಇಲ್ಲೂ ‘ವಾದ್ಯ ವಿತರಣೆ’ ಅಂತ ಒಂದು ಸಾಲು ಬರೆದು ಮುಗಿಸುವ ಅಪಾಯ ಇದೆ. ‘ಬೋಧಕರ ಗೌರವಧನ’ ಅನ್ನುವ ಪದ ಕ್ರಿಯಾ ಯೋಜನೆಯಲ್ಲಿ ಅಚ್ಚಾಗಿದೆಯಾ ನೋಡಿ. ಅದಿಲ್ಲ ಅಂದ್ರೆ ಸಿಗೋದು ಇನ್ನೊಂದು ಬೀರು.

ಯಾರು ಮೇಷ್ಟ್ರು?

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಶಿಕ್ಷಕರ ಅರ್ಜಿಯಲ್ಲಿ ‘ಸಂಗೀತದಲ್ಲಿ ಸೀನಿಯರ್ ಅಥವಾ ವಿದ್ವತ್ ಪರೀಕ್ಷೆ ಪಾಸಾಗಿರಬೇಕು’ ಅಂತ ಷರತ್ತು ಹಾಕಿದರೆ ಅಂಥ ಕಲಾವಿದರು ಮೊದಲ ಸುತ್ತಲ್ಲೇ ಹೊರಗೆ. ತಮಟೆಯನ್ನು ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಬಾರಿಸಿಸಿಕೊಂಡ ಸಮಾಜ ಇದು. ಅದನ್ನು ಕಲಿಸುವವರಿಗೆ ತಿಂಗಳ ಸಂಬಳದ ಚೀಟಿ ಕೊಡುವುದಕ್ಕೆ ಬೇರೆಯದೇ ಅರ್ಥ ಇದೆ. ಅರ್ಹತೆಯ ಸಾಲಿನಲ್ಲಿ ‘ಅಥವಾ ಹತ್ತು ವರ್ಷದ ಪ್ರದರ್ಶನ ಅನುಭವ’ ಅಂತ ಸೇರಿಸಲು ಒಂದು ಪೈಸೆ ಖರ್ಚಿಲ್ಲ.

ಸರ್ಕಾರವೇ ಪೂರ್ತಿ ಕೊಟ್ಟರೆ?

ಇದಕ್ಕೆ ಉತ್ತರ ವೆನೆಜುವೆಲಾದಲ್ಲಿದೆ. 1975ರಲ್ಲಿ ಅರ್ಥಶಾಸ್ತ್ರಜ್ಞ, ಸಂಗೀತಗಾರ ಹೊಸೆ ಆಂಟೋನಿಯೊ ಅಬ್ರೆಯು ಶುರು ಮಾಡಿದ ‘ಎಲ್ ಸಿಸ್ಟೆಮಾ’ ಲಕ್ಷಾಂತರ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಉಚಿತವಾಗಿ ವಾದ್ಯ, ಪಾಠ, ಆರ್ಕೆಸ್ಟ್ರಾ ಕೊಟ್ಟಿದೆ. ಅಬ್ರೆಯು ಅವರ ಜಾಣತನ ಏನಂದ್ರೆ, ಇದನ್ನು ಬರೀ ಕಲೆ ಅನ್ನದೆ ಸಮಾಜ ಕಲ್ಯಾಣ ಅಂತ ವಾದಿಸಿ ಆ ಲೆಕ್ಕದ ದುಡ್ಡು ತಂದರು. ಸರ್ಕಾರಗಳು ಬದಲಾದರೂ ಅನುದಾನ ನಿಲ್ಲಲಿಲ್ಲ. 2007ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 15 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿತು.

ಎರಡು ಎಚ್ಚರಿಕೆಯ ಪಾಠಗಳೂ ಅಲ್ಲೇ ಇವೆ. 16 ಕೇಂದ್ರಗಳ 2,914 ಮಕ್ಕಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಸ್ವನಿಯಂತ್ರಣ ಸ್ವಲ್ಪ ಸುಧಾರಿಸಿದ್ದು ಕಂಡಿತು. ಆದರೆ ಸೇರಿದವರಲ್ಲಿ ಬಡವರ ಪ್ರಮಾಣ ಶೇ 16.7 ಇದ್ದರೆ, ಅವರಿದ್ದ ಪ್ರಾಂತ್ಯಗಳಲ್ಲಿ ಅದು ಶೇ 46.5. ಬಡವರ ಹೆಸರಿನ ಯೋಜನೆಗೆ ಬಡವರೇ ಕಡಿಮೆ ಬಂದಿದ್ದರು! ಉಚಿತ ಅಂದ ಮಾತ್ರಕ್ಕೆ ಕೇರಿಯ ಮಗು ತಾನಾಗೇ ಬರಲ್ಲ, ಮನೆ ಬಾಗಿಲಿಗೆ ಹೋಗಿ ಕರೆಯಬೇಕು.

ಎರಡನೆಯದು 2017ರದ್ದು. ಸರ್ಕಾರದ ವಿರುದ್ಧದ ಪ್ರತಿಭಟನೆಯಲ್ಲಿ ಸಿಸ್ಟೆಮಾದ ಒಬ್ಬ ಎಳೆಯ ಸಂಗೀತಗಾರ ಸತ್ತ. ಅಲ್ಲೇ ಬೆಳೆದು ಜಗತ್ಪ್ರಸಿದ್ಧರಾದ ಗುಸ್ತಾವೊ ದುದಮೆಲ್ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿದರು. ಅವರು ನಡೆಸಬೇಕಿದ್ದ ರಾಷ್ಟ್ರೀಯ ಯುವ ಆರ್ಕೆಸ್ಟ್ರಾದ ಅಮೆರಿಕ ಪ್ರವಾಸ ರದ್ದಾಯಿತು. ಇಂಜಿನಿಯರಿಂಗ್‌ನಲ್ಲಿ ಇದಕ್ಕೆ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತೀವಿ. ಒಂದೇ ಕೊಂಡಿ, ಅದು ಮುರಿದರೆ ಎಲ್ಲವೂ ಬಿತ್ತು. ದುಡ್ಡು ಕೊಡುವವರು ಒಬ್ಬರೇ ಆದರೆ, ಅವರು ಮಂತ್ರಿಯಾಗಿರಲಿ, ಕಂಪನಿಯಾಗಿರಲಿ, ಮಕ್ಕಳ ಹಾಡೂ ಅವರ ಮರ್ಜಿಗೆ ಬೀಳುತ್ತೆ.

ಹಾಗಾದರೆ ಏನು ಮಾಡೋದು?

ಹಂಚಿ. ಶಿಕ್ಷಕರ ಗೌರವಧನ ಸ್ಥಳೀಯ ಸಂಸ್ಥೆಯ ಬಜೆಟ್‌ನಿಂದ ಬರಲಿ, ಅದು ಪ್ರತಿ ವರ್ಷ ಕೇಳಬಹುದಾದ ದುಡ್ಡು. ವಾದ್ಯ ಮತ್ತು ಮೊದಲ ಮೂರು ವರ್ಷದ ತಿಂಡಿ ಸಿಎಸ್‌ಆರ್‌ನಿಂದ ಬರಲಿ. ರಿಪೇರಿ ಖರ್ಚು ಬಡಾವಣೆಯದ್ದು: 100 ಮನೆ ತಿಂಗಳಿಗೆ 35 ರೂ. ಕೊಟ್ಟರೆ ವರ್ಷಕ್ಕೆ 42 ಸಾವಿರ. ದೊಡ್ಡ ಮೊತ್ತವಲ್ಲ. ಆದರೆ ಅನುದಾನ ತಡವಾದಾಗ ಕಚೇರಿಗೆ ಹೋಗಿ ಗಲಾಟೆ ಮಾಡುವವರು ಆ 100 ಮನೆಯವರೇ. ಕೈಯಲ್ಲಿ ಯಾವಾಗಲೂ ಮೂರು ತಿಂಗಳ ಸಂಬಳ, ಮೇಲಿನ ಲೆಕ್ಕದಲ್ಲಿ 1.08 ಲಕ್ಷ, ಮುಟ್ಟದೆ ಇಟ್ಟಿರಿ.

ನಗರಸಭೆ ಬಜೆಟ್ ಮಾರ್ಚ್ ಒಳಗೆ ಮುಗಿಯುತ್ತೆ, ಪೂರ್ವಭಾವಿ ಸಭೆಗಳು ಅದಕ್ಕೂ ಮೊದಲೇ ನಡೆಯುತ್ತವೆ. ಅರ್ಜಿ ಒಂದು ಪುಟ ಸಾಕು: ಎಷ್ಟು ಮಕ್ಕಳು, ಯಾವ ಕೇರಿ, ಯಾರು ಕಲಿಸ್ತಾರೆ, ತಿಂಗಳಿಗೆ ಎಷ್ಟು. ವಾದ್ಯದ ಪಟ್ಟಿಯನ್ನು ಕೊನೆಯಲ್ಲಿ ಹಾಕಿ.