ಅಂತರ್ಜಾಲ ಮನವಿ: ಸಹಿ ಹೆಚ್ಚುವ ಬಗೆ, ಸಹಿಗೆ ಬೆಲೆ ಬರುವ ಬಗೆ

ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಅಂತರ್ಜಾಲದ ರಾಜಕೀಯ ಮನವಿಗಳಿಗೂ ಸಲ್ಲುತ್ತದೆ. ಆದರೆ ಆ ಹಳ್ಳ ಯಾವ ಕೆರೆಯನ್ನು ಸೇರಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಮನವಿಯು ಯಾರಿಗೆ, ಎಷ್ಟು ದಿನದೊಳಗೆ, ಯಾವ ಬೇಡಿಕೆಯೊಂದಿಗೆ ತಲುಪಬೇಕೆಂಬುದು ಸ್ಪಷ್ಟವಿದ್ದಾಗ ಸಹಿ ಹಾಕುವವರು ಹೆಚ್ಚುತ್ತಾರೆ. 2015-16ರಲ್ಲಿ ಭಾರತದಲ್ಲಿ ನಡೆದ ನೆಟ್ ನ್ಯೂಟ್ರಾಲಿಟಿ ಹೋರಾಟ ಇದಕ್ಕೆ ಉತ್ತಮ ನಿದರ್ಶನ.

ಒಂದು ವಿಷಯ, ಎರಡು ಅಭಿಯಾನ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2015ರ ಮಾರ್ಚ್ 27ರಂದು ಸಮಾಲೋಚನಾ ಪತ್ರವೊಂದನ್ನು ಪ್ರಕಟಿಸಿ, 20 ಪ್ರಶ್ನೆಗಳಿಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಏಪ್ರಿಲ್ 24 ಕೊನೆಯ ದಿನವಾಗಿತ್ತು. ನೂರಕ್ಕೂ ಹೆಚ್ಚು ಪುಟಗಳ ಆ ಪತ್ರ ಜನಸಾಮಾನ್ಯರಿಗೆ ಸುಲಭವಾಗಿ ಅರ್ಥವಾಗುವಂತಿರಲಿಲ್ಲ. 'ಸೇವ್ ದಿ ಇಂಟರ್ನೆಟ್' ಅಭಿಯಾನದ ಸ್ವಯಂಸೇವಕರು ಅದರ ಸಾರವನ್ನು ಸರಳವಾಗಿ ವಿವರಿಸಿ, ಪ್ರಶ್ನೆಗಳಿಗೆ ಉತ್ತರಗಳ ಕರಡನ್ನು ಒದಗಿಸಿದರು. ಹಾಸ್ಯ ತಂಡವಾದ ಎಐಬಿಯ ವಿಡಿಯೊ ವಿಷಯವನ್ನು ಯುವಜನರ ಬಳಿಗೆ ಒಯ್ದಿತು. ಗಡುವು ಮುಗಿಯುವ ವೇಳೆಗೆ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ತಲುಪಿದ್ದವು.

ಅದೇ ವರ್ಷದ ಡಿಸೆಂಬರ್‌ನಲ್ಲಿ ದರ ತಾರತಮ್ಯವನ್ನು ಕುರಿತು ಟ್ರಾಯ್ ಮತ್ತೊಂದು ಪತ್ರ ಹೊರಡಿಸಿತು. ಆಗ ಫೇಸ್‌ಬುಕ್ ಸಂಸ್ಥೆಯು ತನ್ನ 'ಫ್ರೀ ಬೇಸಿಕ್ಸ್' ಯೋಜನೆಯ ಪರವಾಗಿ ಬಳಕೆದಾರರಿಂದ ಲಕ್ಷಾಂತರ ಸಿದ್ಧ ಸಂದೇಶಗಳನ್ನು ಕಳುಹಿಸಿತು. ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲವೆಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ಡೇಟಾ ದರದಲ್ಲಿನ ತಾರತಮ್ಯವನ್ನು ನಿಷೇಧಿಸಲಾಯಿತು. ಕೇಳಿದ ಪ್ರಶ್ನೆಗೆ ಉತ್ತರವಾಗದ ಬೆಂಬಲ ಎಷ್ಟು ಲಕ್ಷವಿದ್ದರೂ ಸಾಲದೆಂಬುದು ಇಲ್ಲಿನ ಪಾಠ.

ಎಣಿಕೆಗೆ ಎಲ್ಲಿ ಎಷ್ಟು ಬೆಲೆ

ಬ್ರಿಟನ್ ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಮನವಿಯೊಂದಕ್ಕೆ 10 ಸಾವಿರ ಸಹಿ ಬಂದರೆ ಸರ್ಕಾರ ಉತ್ತರಿಸುತ್ತದೆ. 1 ಲಕ್ಷ ಮುಟ್ಟಿದರೆ ಅದು ಚರ್ಚೆಗೆ ಪರಿಗಣಿತವಾಗುತ್ತದೆ. ಯುರೋಪಿಯನ್ ಒಕ್ಕೂಟವನ್ನು ತೊರೆಯುವ ನಿರ್ಧಾರವನ್ನು ಕೈಬಿಡಬೇಕೆಂಬ 2019ರ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಏಪ್ರಿಲ್ 1ರಂದು ಚರ್ಚೆಯೂ ನಡೆಯಿತು. ಸರ್ಕಾರ ಮಾತ್ರ ಒಪ್ಪಲಿಲ್ಲ. ಸಹಿಗಳು ಚರ್ಚೆಯ ಬಾಗಿಲನ್ನು ತೆರೆಯಬಲ್ಲವೇ ಹೊರತು ತೀರ್ಮಾನವನ್ನು ಬರೆಯಲಾರವು.

ಭಾರತದ ಸಂಸತ್ತಿನಲ್ಲಿ ಇಂತಿಷ್ಟು ಸಹಿಗೆ ಚರ್ಚೆಯೆಂಬ ನಿಯಮವಿಲ್ಲ. ಸದಸ್ಯರೊಬ್ಬರು ಲೋಕಸಭೆಗೆ ಸಲ್ಲಿಸುವ ಅರ್ಜಿಗೆ ಅವರ ಮೇಲುಸಹಿ ಬೇಕು. ಅದನ್ನು ಅರ್ಜಿಗಳ ಸಮಿತಿ ಪರಿಶೀಲಿಸುತ್ತದೆ. ಖಾಸಗಿ ಜಾಲತಾಣಗಳಲ್ಲಿ ಕೂಡಿಸಿದ ಸಹಿಗಳಿಗೆ ಇಂತಹ ಸ್ಥಾನವಿಲ್ಲದ ಕಾರಣ, ಅವನ್ನು ಸಂಬಂಧಪಟ್ಟವರಿಗೆ ತಲುಪಿಸುವ ಹೊಣೆ ಅರ್ಜಿದಾರರದೇ.

ಸಹಿ ಹೆಚ್ಚಿಸುವ ಕ್ರಮ

* ತೀರ್ಮಾನ ಕೈಗೊಳ್ಳುವ ಅಧಿಕಾರವುಳ್ಳವರಿಗೇ ಮನವಿಯನ್ನು ಉದ್ದೇಶಿಸಬೇಕು. ಪಾಲಿಕೆಯ ಕೆಲಸಕ್ಕೆ ಪ್ರಧಾನಿಗೆ ಬರೆದು ಫಲವಿಲ್ಲ.
* ಬೇಡಿಕೆ ಒಂದೇ ಇರಲಿ. ಅದು ಶೀರ್ಷಿಕೆಯಲ್ಲೇ ಕಾಣಲಿ.
* ಮೊದಲ ಸಹಿಗಳನ್ನು ಪರಿಚಿತರಿಂದ, ನೇರವಾಗಿ ಕೇಳಿ ಪಡೆಯಬೇಕು. ಬರಿದಾದ ಮನವಿಗೆ ಅಪರಿಚಿತರು ಸಹಿ ಹಾಕಲು ಹಿಂಜರಿಯುತ್ತಾರೆ.
* ಸಭೆ, ಗಡುವು, ಮತದಾನಗಳಿಗೆ ಮುಂಚಿನ ದಿನಗಳಲ್ಲಿ ಪ್ರಚಾರ ನಡೆಸಬೇಕು.
* ರಾಜ್ಯದ ವಿಷಯವಾದರೆ ಮನವಿ ಕನ್ನಡದಲ್ಲಿಯೂ ಇರಬೇಕು.
* ಪ್ರತಿ ಬೆಳವಣಿಗೆಯನ್ನೂ ಸಹಿ ಹಾಕಿದವರಿಗೆ ತಿಳಿಸಿ, ಇನ್ನಷ್ಟು ಮಂದಿಗೆ ಹಂಚಲು ಕೋರಬೇಕು.

ಚೇಂಜ್ ಡಾಟ್ ಆರ್ಗ್ ಜಾಲತಾಣದಲ್ಲಿ ಸಹಿಯ ನಂತರ ಪ್ರಚಾರಕ್ಕಾಗಿ ಕೇಳುವ ಹಣವು ಅರ್ಜಿದಾರರಿಗೆ ಸೇರದು. ಮನವಿಯನ್ನು ಇತರರಿಗೆ ತೋರಿಸಲು ಅದು ಬಳಕೆಯಾಗುತ್ತದೆ.

ಪರದೆಯಿಂದ ಬೀದಿಗೆ

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉದ್ದೇಶಿಸಿದ್ದ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಅಂತರ್ಜಾಲದಲ್ಲಿ ಆರಂಭವಾದ ಪ್ರಚಾರ, 2016ರ ಅಕ್ಟೋಬರ್ 16ರಂದು ಮಾನವ ಸರಪಳಿಯಾಗಿ ಬೀದಿಗಿಳಿಯಿತು. ವಿವಾದ ಹಸಿರು ನ್ಯಾಯಮಂಡಳಿಯನ್ನೂ ಮುಟ್ಟಿತು. 2017ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸಹಿ ಹಾಕಿದವರಲ್ಲಿ ಒಂದು ಪಾಲಾದರೂ ಎದ್ದುಬಂದು ನಿಂತಾಗ ಮನವಿಯ ಬಲ ಹೆಚ್ಚುತ್ತದೆ.

ಎಚ್ಚರ ತಪ್ಪಬಾರದು

ಸಂಖ್ಯೆಯ ಆಸೆಗೆ ಸುಳ್ಳು ಸಹಿ ಸೇರಿಸಿದರೆ ನಿಜವಾದ ಸಹಿಗಳೂ ಸಂಶಯಕ್ಕೊಳಗಾಗುತ್ತವೆ. ಎರಡನೆಯ ಜನಮತಗಣನೆ ಕೋರಿದ ಬ್ರಿಟನ್ನಿನ 2016ರ ಮನವಿಯಿಂದ ಸುಮಾರು 77 ಸಾವಿರ ನಕಲಿ ಸಹಿಗಳನ್ನು ತೆಗೆದುಹಾಕಬೇಕಾಯಿತು.

ಸಹಿ ಹಾಕುವವರ ಖಾಸಗಿತನವೂ ಮುಖ್ಯ. 2015ರ ಏಪ್ರಿಲ್ ಕೊನೆಯಲ್ಲಿ ಟ್ರಾಯ್ ತನಗೆ ಬಂದ ಪತ್ರಗಳನ್ನು ಪ್ರಕಟಿಸಿದಾಗ, ಕಳುಹಿಸಿದವರ ಇ-ಮೇಲ್ ವಿಳಾಸಗಳೂ ಬಹಿರಂಗವಾದವು. ಆದ್ದರಿಂದ ಯಾವ ವಿವರ ಯಾರಿಗೆ ಕಾಣುತ್ತದೆ ಎಂಬುದನ್ನು ಅರ್ಜಿದಾರರು ಮೊದಲೇ ತಿಳಿಸಬೇಕು. ಸಹಿ ಹಾಕುವವರು ಅದನ್ನು ಓದಿಯೇ ಮುಂದುವರಿಯಬೇಕು.